ಸ್ವಾಸ್ತ್ಯವೆಂಬ ಮಾತು

ಬೆಂಗಳೂರಿಗೆ ಪೂರ್ವದಲ್ಲಿ, ಜೋಲಾರಪೇಟೆಗೆ ಹೋಗುವ ರೈಲುದಾರಿಯ ಬಳಿ, ವೈಟ್‌ಫೀಲ್ಡ್ ಎಂಬ ಊರಿದೆ. ಇಂದು ಆ ಹೆಸರನ್ನು ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಗಾಜಿನ ಗೋಡೆಯ ಕಚೇರಿಗಳು, ಮುಂದೆ ಸಾಗದೆ ನಿಂತ ವಾಹನಗಳ ಸಾಲು. ಆದರೆ ಅಲ್ಲಿಯ ಇನ್ನರ್ ಸರ್ಕಲ್ಲಿಗೆ ಹೋಗಿ ನಡುವಿನ ಬಯಲನ್ನೂ ಅದನ್ನು ಬಳಸಿ ಬರುವ ದುಂಡು ರಸ್ತೆಯನ್ನೂ ನೋಡಿದವರಿಗೆ, ಇದು ತಾನಾಗಿ ಬೆಳೆದ ಹಳ್ಳಿಯಲ್ಲ, ಮೊದಲು ಕಾಗದದ ಮೇಲೆ ಬರೆದು ಆಮೇಲೆ ನೆಲದ ಮೇಲೆ ಕಟ್ಟಿದ ಊರು ಎಂಬುದು ಹೊಳೆಯದೆ ಇರದು.

ಮೈಸೂರು ಸೀಮೆಯು ಒಡೆಯರ ಮನೆತನಕ್ಕೆ ಮರಳಿ ಬಂದದ್ದು 1881ರಲ್ಲಿ. ಮರುವರ್ಷವೇ ಶ್ರೀ ಚಾಮರಾಜೇಂದ್ರ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ವ್ಯವಸಾಯದ ವಸಾಹತಿಗಾಗಿ 3,900 ಎಕರೆ ನೆಲವನ್ನು ದಯಪಾಲಿಸಿದರು. ಸಂಘವನ್ನು ಕಟ್ಟಿದ ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ಎಂಬವರ ಹೆಸರೇ ಊರಿನ ಹೆಸರಾಯಿತು.

ಆ ಜನರ ಬೇಡಿಕೆಯ ಮರ್ಮವನ್ನು ಅರಿಯಲು ನಮ್ಮ ದೇಶದ ಒಂದು ರೂಢಿಯನ್ನು ನೆನೆದರೆ ಸಾಕು. ಹೊಸಬರನ್ನು ಕಂಡರೆ ನಾವು ಕೇಳುವ ಮೊದಲ ಪ್ರಶ್ನೆ, “ಯಾವ ಊರಿನವರು?” ಎಂಬುದು. ಆ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ತಂದೆಯ ಕಡೆಯ ನಾಡು ಕಡಲಾಚೆ. ತಾಯಿಯ ಕಡೆಯ ನಾಡಿನಲ್ಲಿ ಪಿತ್ರಾರ್ಜಿತವಿಲ್ಲ. ರೈಲ್ವೆಯಲ್ಲಿಯೋ ತಂತಿ ಇಲಾಖೆಯಲ್ಲಿಯೋ ಸಂಬಳ ಬರುತ್ತಿತ್ತು; ಆದರೆ ಸಂಬಳವು ಊರಲ್ಲ.

ಅವರ ಮನೆಗಳಲ್ಲಿ ಓದುತ್ತಿದ್ದ ಗ್ರಂಥವೂ ನೆಲವಿಲ್ಲದವರ ಕಥೆಯೇ. ಅಬ್ರಹಾಮನು ವಾಗ್ದಾನವನ್ನು ಪಡೆದದ್ದು ಕಾನಾನ್ ದೇಶದಲ್ಲಿ ಪರದೇಶಿಯಾಗಿ ಗುಡಾರದಲ್ಲಿದ್ದಾಗ. ಹೆಂಡತಿ ಸಾರಳು ತೀರಿಕೊಂಡಾಗ, ವಾಗ್ದಾನವಾದ ಆ ದೇಶದಲ್ಲೇ ಅವನು ಹಣ ಕೊಟ್ಟು ಸಮಾಧಿಯ ನೆಲವನ್ನು ಕೊಳ್ಳಬೇಕಾಯಿತು. ಮುಂದೆ ಯೆಹೋಶುವನ ಕಾಲದಲ್ಲಿ ಚೀಟಿ ಹಾಕಿ ಕುಲಗಳಿಗೆ ಪಾಲು ಹಂಚಿದರು. ಹೀಗೆ ಬಂದ ಪಾಲಿಗೆ ಹೀಬ್ರೂ ಭಾಷೆಯಲ್ಲಿ ‘ನಹಲಾ’ ಎಂದು ಹೆಸರು. ಕನ್ನಡ ಬೈಬಲಿನ ಮಾತು ‘ಸ್ವಾಸ್ತ್ಯ’. ಇದನ್ನು ಆಸ್ತಿ ಎಂದು ಓದಿಕೊಂಡರೆ ಪ್ರವಾದಿಗಳ ಮಾತು ಒಂದೂ ಅರ್ಥವಾಗುವುದಿಲ್ಲ. ಯಾಜಕಕಾಂಡದ ವಿಧಿಯ ಪ್ರಕಾರ ನೆಲವು ದೇವರದು. ಉಳುವವರು ಅದರಲ್ಲಿ ಬಿಡಾರ ಹೂಡಿದ ಅತಿಥಿಗಳು. ಆದ್ದರಿಂದಲೇ ಮಾರಿಹೋದ ಹೊಲವೂ 50ನೆಯ ವರ್ಷದಲ್ಲಿ ಮೂಲ ಮನೆತನಕ್ಕೆ ಹಿಂತಿರುಗಬೇಕು. ನಮ್ಮ ದಾನಶಾಸನಗಳು ದತ್ತಭೂಮಿಯನ್ನು ‘ಆಚಂದ್ರಾರ್ಕ’ವೆಂದು ಸಾರಿ, ಅಪಹರಿಸಿದವರಿಗೆ ಶಾಪವನ್ನು ಕಾದಿರಿಸುತ್ತವೆ. ಇಸ್ರಾಯೇಲಿನ ಪ್ರವಾದಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಅಪಹರಿಸಿದವರಿಗಿರಲಿ, ದಾನ ಪಡೆದವರಿಗೇ ಆ ಶಾಪವು ತಗಲೀತು ಎಂದರು. ಅಹಾಬನೆಂಬ ಅರಸನು ನಾಬೋತನ ದ್ರಾಕ್ಷಿಯ ತೋಟಕ್ಕೆ ಆಸೆಪಟ್ಟು, ತಕ್ಕ ಬೆಲೆಯನ್ನೋ ಬೇರೆ ತೋಟವನ್ನೋ ಕೊಡುವೆನೆಂದನು. ನ್ಯಾಯವಾದ ವ್ಯಾಪಾರವೇ! ಪಿತೃಗಳ ಸ್ವಾಸ್ತ್ಯವೆಂದು ನಾಬೋತನು ಒಪ್ಪಲಿಲ್ಲ, ಪ್ರಾಣವನ್ನು ತೆತ್ತನು. ಮನೆಗೆ ಮನೆ, ಹೊಲಕ್ಕೆ ಹೊಲ ಕೂಡಿಸಿಕೊಳ್ಳುವವರನ್ನು ಯೆಶಾಯನು ಶಪಿಸಿದ್ದೂ ಇದೇ ಕಾರಣಕ್ಕೆ.

ಎಲ್ಲಕ್ಕಿಂತ ವಿಚಿತ್ರವಾದದ್ದು ಯೆರೆಮೀಯನ ಕ್ರಯಪತ್ರ. ಕ್ರಿಸ್ತಪೂರ್ವ 587ರ ಸುಮಾರಿಗೆ ಬಾಬಿಲೋನಿನ ಸೇನೆ ಯೆರೂಸಲೇಮನ್ನು ಮುತ್ತಿದೆ. ಪಟ್ಟಣ ಬೀಳುವುದೆಂದು ಸಾರಿದ ತಪ್ಪಿಗೆ ಅವನು ಸೆರೆಯಲ್ಲಿದ್ದಾನೆ. ಆಗ ದಾಯಾದಿ ಹನಮೇಲನು ಬಂದು, ಅನಾತೋತಿನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಶತ್ರುವಿನ ಪಾಳೆಯದ ಕೆಳಗಿರುವ ಹೊಲವನ್ನು ಯಾವ ಜಾಣನು ಕೊಂಡಾನು? ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟು, ಸಾಕ್ಷಿ ಹಾಕಿಸಿ, ಬಹುಕಾಲ ಉಳಿಯಲೆಂದು ಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ಉತ್ತು ಬೆಳೆಯುವ ದಿನ ಮತ್ತೆ ಬರುವುದೆಂಬ ನಂಬಿಕೆಗೆ ಆ ಗಡಿಗೆಯೇ ಸಾಕ್ಷಿ.

ವೈಟ್‌ಫೀಲ್ಡಿನ ನಿವಾಸಿಗಳ ಕಥೆ ಇಷ್ಟು ಗಂಭೀರವಾಗಿ ಸಾಗಲಿಲ್ಲ. ಗುಡಿ ಬಂತು, ತೋಟದ ಮನೆಗಳು ಬಂದವು. ಆದರೆ ಹೊಳೆಯಿಲ್ಲದ ಸೀಮೆಯ ಬೇಸಾಯವು ಪಳಗಿದ ಕೈಯನ್ನು ಬೇಡುತ್ತದೆ. ವಸಾಹತು ನೆನೆದಷ್ಟು ಬೆಳೆಯದೆ, ವಿಶ್ರಾಂತಿ ವೇತನದವರ ನೆಮ್ಮದಿಯ ಬೀಡಾಯಿತು. 1933ರಲ್ಲಿ ರಾಂಚಿಯ ಸೀಮೆಯಲ್ಲಿ ಮೆಕ್ಲಸ್ಕಿ ಎಂಬವರು ಇದೇ ಸಮುದಾಯಕ್ಕಾಗಿ ಇನ್ನೊಂದು ನೆಲೆಯನ್ನು ಕಟ್ಟಹೊರಟರು. ಅಲ್ಲಿಯೂ ಫಲ ಬೇರೆಯಾಗಲಿಲ್ಲ. 1947ರ ಅನಂತರ ಅನೇಕರು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಹೊರಟುಹೋದರು. ಕೊಟ್ಟ ನೆಲ ಕೈಯಲ್ಲಿದ್ದೂ ಅದು ಸ್ವಾಸ್ತ್ಯವಾಗಲಿಲ್ಲವೆಂದು ಅವರನ್ನು ಹೀಯಾಳಿಸುವುದು ಸುಲಭ. ಮೂರು ತಲೆಮಾರು ಗೋರಿಗಳನ್ನು ಕಟ್ಟಿದ ಊರನ್ನು ಬಿಡುವಾಗ ಅವರಿಗೆ ಆದದ್ದೇನೆಂದು ಹೀಯಾಳಿಸುವವರು ಬಲ್ಲರೆ?

ಸರದಿ ಈಗ ಸುತ್ತಣ ಹಳ್ಳಿಗರದು. ಟೆಕ್ ಪಾರ್ಕು ಎದ್ದಿರುವ ಪಟ್ಟಂದೂರು ಅಗ್ರಹಾರದ ಹೆಸರಿನಲ್ಲೇ ಹಳೆಯ ಭೂದಾನದ ನೆನಪಿದೆ. 1990ರ ದಶಕದಿಂದೀಚೆಗೆ ರಾಗಿಯ ಹೊಲಗಳು ನಿವೇಶನಗಳಾದವು. ಅಹಾಬನು ಬರಲಿಲ್ಲ, ಬೆಲೆ ಬಂತು. ಬೇಡವೆನ್ನುವ ನಾಬೋತರು ಕಡಮೆ. ಮಾರಿದ ಹಣ ಕರಗಿದ ಮೇಲೆ, ಹಿಂತಿರುಗಿಸುವ 50ನೆಯ ವರ್ಷವು ನಮ್ಮ ಪಂಚಾಂಗದಲ್ಲಿಲ್ಲ.

ಆ ನಿವೇಶನಗಳಲ್ಲಿ ಈಗ ಬಿಹಾರ, ಬಂಗಾಳ, ಆಂಧ್ರಗಳಿಂದ ಬಂದವರ ಮಕ್ಕಳು ಹುಟ್ಟಿ ಬೆಳೆಯುತ್ತಿದ್ದಾರೆ. ಅವರನ್ನೂ ಯಾರಾದರೂ “ಯಾವ ಊರಿನವರು?” ಎಂದು ಕೇಳುವರು. ಬಾಬಿಲೋನಿನಲ್ಲಿ ಸೆರೆಯಾಳಾಗಿದ್ದು, ಕಳೆದುಹೋದ ದೇಶವನ್ನು ಮತ್ತೆ ಹಂಚುವ ದರ್ಶನವನ್ನು ಕಂಡ ಯೆಹೆಜ್ಕೇಲನು ಇಂಥವರನ್ನು ಮರೆಯಲಿಲ್ಲ. ಜನರ ನಡುವೆ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಯನ್ನು ಸ್ವದೇಶದಲ್ಲಿ ಹುಟ್ಟಿದವನಂತೆಯೇ ಎಣಿಸಿ ಪಾಲು ಕೊಡಬೇಕು ಎಂದು ಅವನು ವಿಧಿಸಿದನು. ಪಾಲು ಎಲ್ಲಿ ಎಂಬ ಸಂದೇಹಕ್ಕೂ ಎಡೆಯಿಡಲಿಲ್ಲ: ಯಾವ ಕುಲದ ನಡುವೆ ಅವನ ವಾಸವೋ, ಆ ಕುಲದ ಸ್ವಾಸ್ತ್ಯದಲ್ಲಿಯೇ.