ಮುನ್ನೂರೊಂದರ ಪಟ್ಟಿ

ಶ್ರೀನಗರ, 25 ಜನವರಿ 2020, ಶನಿವಾರ

ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಎದ್ದು ನೋಡಿದರೆ ಮೊಬೈಲಿನಲ್ಲಿ ಇಂಟರ್‌ನೆಟ್! 370ನೇ ವಿಧಿ ರದ್ದಾದ ಹೋದ ಆಗಸ್ಟ್ 5ರಿಂದ ಇಲ್ಲದ್ದು. ಬಂದಿರುವುದು ಟುಜಿ, ಅದೂ ಸರ್ಕಾರ ಆರಿಸಿಕೊಟ್ಟ 301 ತಾಣಗಳಿಗೆ ಮಾತ್ರ. ವಾಟ್ಸಾಪ್, ಫೇಸ್‌ಬುಕ್, ಟ್ವಿಟರ್ ಯಾವುದೂ ಪಟ್ಟಿಯಲ್ಲಿಲ್ಲ. ‘ಕಾಶ್ಮೀರ್ ಟೈಮ್ಸ್’ ಸಂಪಾದಕಿ ಅನುರಾಧಾ ಭಸೀನ್ ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು ಇದೇ 10ರಂದು, ಇಂಟರ್‌ನೆಟ್ಟನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ ಎಂದಿತ್ತು. ಕೊನೆಗೆ ಕೈಗೆ ಸಿಕ್ಕಿದ್ದು ಈ ಪಟ್ಟಿ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ‘ಹಂಗಾರೆ ಗ್ರೂಪಿಗೆ ವಾಪಸ್ ಬರ್ತೀಯೇನೋ?’ ಎಂದಳು. ಡಿಸೆಂಬರ್‌ನಲ್ಲಿ, ನಾಲ್ಕು ತಿಂಗಳು ಬಳಸಲಿಲ್ಲವೆಂದು ವಾಟ್ಸಾಪಿನವರು ಇಲ್ಲಿನವರ ಖಾತೆಗಳನ್ನೆಲ್ಲ ಅಳಿಸಿದಾಗ ನನ್ನದೂ ಹೋಗಿತ್ತು. ಮನೆಯವರ ಗ್ರೂಪಿನಲ್ಲಿ ನಾನೇ ಬಿಟ್ಟು ಹೋದ ಹಾಗೆ ಕಾಣಿಸಿತಂತೆ. ಅತ್ತಿಗೆಯ ಮೇಲೆ ಸಿಟ್ಟೇನೋ ಎಂದು ನಮ್ಮೂರು ಸಾಗರದಲ್ಲಿ ಎರಡು ದಿನ ಚರ್ಚೆ ನಡೆದಿದೆ.

2 ಫೆಬ್ರವರಿ, ಭಾನುವಾರ

ಗಣರಾಜ್ಯೋತ್ಸವಕ್ಕೆಂದು ಮತ್ತೆ ಕಡಿದರು, ಮತ್ತೆ ಬಿಟ್ಟರು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ತಾಣ ತೆರೆಯುತ್ತದೆ ಎಂದೇನಿಲ್ಲ. ಇಂದಿನ ಹೆಚ್ಚಿನ ವೆಬ್ ಪುಟಗಳು ಒಂದೇ ಕಡೆಯಿಂದ ಬರುವುದಿಲ್ಲ: ಚಿತ್ರ ಒಂದು ಸರ್ವರಿನದು, ಲಾಗಿನ್ ಇನ್ನೊಂದರದು, ಹಣ ಕಟ್ಟುವ ಕಿಟಕಿ ಮತ್ತೊಂದರದು. ಅವುಗಳ ವಿಳಾಸ ಪಟ್ಟಿಯಲ್ಲಿ ಇಲ್ಲದಿದ್ದರೆ ಅರ್ಧ ಪುಟ ಬಂದು ಅಲ್ಲೇ ನಿಲ್ಲುತ್ತದೆ. 301ನ್ನೂ ಒಂದೊಂದಾಗಿ ಪರೀಕ್ಷಿಸಿದ ಇಬ್ಬರು ಸಂಶೋಧಕರು, ಅಷ್ಟೋ ಇಷ್ಟೋ ಬಳಸಲು ಬರುವವು 126 ಮಾತ್ರ ಎಂದಿದ್ದಾರೆ. ಪಟ್ಟಿ ಮಾಡಿದವರು ಅದನ್ನು ಒಮ್ಮೆ ಈ ಟುಜಿಯಲ್ಲಿ ತೆರೆದು ನೋಡಿದ್ದರೆ ಸಾಕಿತ್ತು.

ಆದ್ದರಿಂದ ಊರಿಗೆ ಊರೇ ತಡೆ ದಾಟಿಸುವ ವಿಪಿಎನ್ ಆಪ್ ಹಾಕಿಕೊಂಡಿದೆ. ಆಪ್ ಒಂದು ಫೋನಿನಿಂದ ಇನ್ನೊಂದಕ್ಕೆ ಬ್ಲೂಟೂತಿನಲ್ಲೇ ದಾಟುತ್ತದೆ. ಒಂದನ್ನು ತಡೆದರೆ ಸಂಜೆಯೊಳಗೆ ಇನ್ನೊಂದರ ಹೆಸರು ಬೀದಿಗೆ ಬರುತ್ತದೆ. ಒಂದು ಕಂಪನಿಯ ಸಿಮ್ಮಿನಲ್ಲಿ ಸಿಕ್ಕಿಬಿದ್ದದ್ದು ಮತ್ತೊಂದರಲ್ಲಿ ನುಸುಳುವುದೂ ಉಂಟು. ಮನೆ ಮಾಲೀಕರ ಮಗ ಇದರಲ್ಲಿ ಪಳಗಿದವ. ಎಂ.ಎ. ಪ್ರವೇಶದ ಅರ್ಜಿ ತುಂಬಲು ಹೋದ ತಿಂಗಳು ರೈಲು ಹತ್ತಿ ಬನಿಹಾಲ್‌ಗೆ ಹೋಗಿದ್ದ. ಪೀರ್ ಪಂಜಾಲ್ ಸುರಂಗ ದಾಟಿದರೆ ಜಮ್ಮು ಸೀಮೆ, ಅಲ್ಲಿ ಇಂಟರ್‌ನೆಟ್ ಇದೆ. ಆ ರೈಲಿಗೆ ಜನ ‘ಇಂಟರ್‌ನೆಟ್ ಎಕ್ಸ್‌ಪ್ರೆಸ್’ ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿನ ಸೈಬರ್ ಕೆಫೆಗಳಲ್ಲಿ ಗಂಟೆಗೆ ಮುನ್ನೂರು ರೂಪಾಯಿಯವರೆಗೆ ಕಿತ್ತುಕೊಂಡಿದ್ದೂ ಇದೆ. ಈಗ ಅದೇ ಕೆಲಸ ಕಾಂಗ್ಡಿ ಅಗ್ಗಿಷ್ಟಿಕೆಯ ಕೆಂಡಕ್ಕೆ ಮೈ ಕಾಯಿಸಿಕೊಳ್ಳುತ್ತ ಮನೆಯಲ್ಲೇ ಆಗುತ್ತಿದೆ.

ಅವನ ಅಪ್ಪನಿಗೆ ನಾನು ವಿವರಿಸಿದೆ: ‘ಚಾಚಾ, ಕಾಗದವನ್ನು ಇನ್ನೊಂದು ಲಕೋಟೆಯೊಳಗಿಟ್ಟು ಬೀಗಮುದ್ರೆ ಹಾಕಿ ಕಳಿಸಿದ ಹಾಗೆ. ಇಲ್ಲಿನ ಅಂಚೆಯವನಿಗೆ ಕಾಣುವುದು ಹೊರಗಿನ ವಿಳಾಸ ಒಂದೇ.’ ಅವರು ಕೇಳಿದ್ದು ಒಂದೇ ಮಾತು: ‘ಒಳಗಿನದನ್ನು ಒಡೆದು ಮುಂದಕ್ಕೆ ಕಳಿಸುವವನು ಯಾರು?’ ಒಳ್ಳೆಯ ಪ್ರಶ್ನೆ. ಪುಕ್ಕಟೆ ವಿಪಿಎನ್‌ಗಳ ಯಜಮಾನ ಯಾರೋ, ನಮ್ಮದೇನನ್ನು ಬರೆದಿಟ್ಟುಕೊಳ್ಳುತ್ತಾನೋ ದೇವರೇ ಬಲ್ಲ. ಬ್ಯಾಂಕಿನ ವ್ಯವಹಾರ ಅದರಲ್ಲಿ ಮಾಡಬೇಡ ಎಂದು ಹುಡುಗನಿಗೆ ಹೇಳಿದ್ದೇನೆ.

ನಾನು ಹಾಕಿಕೊಂಡಿಲ್ಲ. ತತ್ವಕ್ಕಲ್ಲ, ನೌಕರಿಗೆ ಹೆದರಿ. ಆದರೂ ಅಕ್ಕ ಆ ಹುಡುಗನ ನಂಬರಿಗೆ ಅಮ್ಮನ ಫೋಟೋ ಕಳಿಸಿದಳು. ನೂನ್ ಚಾಯ್ ಆರಿಹೋಗುವಷ್ಟು ಹೊತ್ತು ಅದು ಇಳಿಯುತ್ತಲೇ ಇತ್ತು. ಕಣ್ಣಿನ ಆಪರೇಷನ್ ಆದ ಮೇಲೆ ಅಮ್ಮನಿಗೆ ಹೊಸ ಕನ್ನಡಕ ಬಂದಿದೆ.

18 ಫೆಬ್ರವರಿ, ಮಂಗಳವಾರ

ವಿಪಿಎನ್ ಬಳಸಿ ಸಾಮಾಜಿಕ ಜಾಲತಾಣ ದುರ್ಬಳಕೆ ಮಾಡಿದವರ ಮೇಲೆ ಸೈಬರ್ ಪೊಲೀಸರು ನಿನ್ನೆ ಎಫ್‌ಐಆರ್ ಹಾಕಿದ್ದಾರೆ. ಪ್ರತ್ಯೇಕತಾವಾದಿ ನಾಯಕ ಗಿಲಾನಿ ಅವರ ಕಾಯಿಲೆಯ ವಿಡಿಯೋ ಹರಡಿದ ಮೇಲಿನ ಕ್ರಮವಿದು. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) 13ನೇ ಕಲಂ ಸೇರಿಸಿದ್ದಾರೆ. ಜತೆಗೆ ಐಟಿ ಕಾಯ್ದೆಯ 66ಎ. ಸುಪ್ರೀಂ ಕೋರ್ಟು 2015ರಲ್ಲೇ ರದ್ದು ಮಾಡಿದ ಕಲಂ ಅದು! ಐದು ವರ್ಷದಿಂದ ಇಲ್ಲದ ಕಲಂನಡಿ ಕೇಸು ಹಾಕಬಹುದಾದರೆ, ಪಟ್ಟಿಯಲ್ಲಿಲ್ಲದ ತಾಣ ನೋಡಿದ ಹುಡುಗರದ್ದೇ ದೊಡ್ಡ ತಪ್ಪೇ?

ಸುಳ್ಳು ಸುದ್ದಿ ಹರಡಿ ಗಲಭೆ ಎಬ್ಬಿಸುವವನನ್ನು ಹಿಡಿಯಲಿ, ನನ್ನ ತಕರಾರಿಲ್ಲ. ಆದರೆ ನಮ್ಮ ಬ್ಯಾಂಕ್ ಶಾಖೆಯ ಕಂಪ್ಯೂಟರುಗಳು ಕೇಂದ್ರ ಕಚೇರಿಯ ಸರ್ವರಿಗೆ ಸೇರುವುದೂ ವಿಪಿಎನ್‌ನಲ್ಲೇ. ಗ್ರಾಹಕರ ದುಡ್ಡು ಕಾಯಲು ಅದು ಬೇಕೇ ಬೇಕು. ಇಲ್ಲಿ ಭದ್ರತೆ ಎನಿಸಿಕೊಂಡಿದ್ದು ರಸ್ತೆಯಾಚೆ ಹುಡುಗನ ಫೋನಿನಲ್ಲಿ ಅಪರಾಧವಾಗುತ್ತದೆ.

ರಸ್ತೆಯಲ್ಲಿ ತಡೆದು ಫೋನ್ ನೋಡುತ್ತಾರೆ ಎಂಬ ಮಾತಿದೆ. ಮಾಲೀಕರ ಮಗ ಹೊರಡುವ ಮುನ್ನ ಆಪ್ ಅಳಿಸಿ, ಬಂದ ಮೇಲೆ ತಂಗಿಯ ಫೋನಿನಿಂದ ಮತ್ತೆ ಹಾಕಿಕೊಳ್ಳುತ್ತಾನೆ. ಅವನ ಪ್ರವೇಶಪತ್ರ ಇನ್ನೂ ಇಳಿಸಿಕೊಳ್ಳಬೇಕಿದೆ.

5 ಮಾರ್ಚ್, ಗುರುವಾರ

ನಿನ್ನೆಯ ಆದೇಶದಲ್ಲಿ ಪಟ್ಟಿ ಹೋಗಿದೆ. ಎಲ್ಲ ತಾಣಗಳೂ ಮುಕ್ತ, ವೇಗ ಮಾತ್ರ ಟುಜಿಯೇ. ಹೊಸ ಖಾತೆ ತೆರೆದು ಗ್ರೂಪಿಗೆ ಸೇರಿದೆ. ಅತ್ತಿಗೆಯೇ ಮೊದಲು ‘ಬಂದ್ರಾ’ ಎಂದರು. ಕ್ಯಾಷಿಯರ್ ಮಿಠಾಯಿ ಹಂಚಲು ಹೊರಟಿದ್ದ, ಹಿರಿಯ ಗುಮಾಸ್ತರು ಆದೇಶದ ಕೊನೆಯ ಸಾಲು ಓದಿಸಿದರು. ಈ ಸಡಿಲಿಕೆ ಮಾರ್ಚ್ 17ರವರೆಗೆ.