ಸೈರನ್ ಕೇಳುವ ಮೊದಲೇ...

ಜರ್ಮನಿಗೆ ಬಂದು ಎರಡು ವರ್ಷವಾಯ್ತು. ಇಲ್ಲಿಗೆ ಆನ್‌ಸೈಟ್ ಹೊರಟ ಗೆಳೆಯರೆಲ್ಲ ಕೇಳುವ ಮೊದಲ ಪ್ರಶ್ನೆ, "ಆಟೋಬಾನ್‌ನಲ್ಲಿ ಎಷ್ಟು ಸ್ಪೀಡ್ ಮುಟ್ಟಿಸಿದೆ ಮಾರಾಯಾ?" ಅದೊಂದನ್ನು ಬಿಟ್ಟು ಕೇಳಬೇಕಾದ್ದು ಬೇಕಾದಷ್ಟಿದೆ ನೋಡಿ. ಅದಕ್ಕೇ ಈ ಬರಹ.

ಮೊದಲು ಲೈಸೆನ್ಸ್. ನಮ್ಮ ಆರ್‌ಟಿಓ ಕೊಟ್ಟದ್ದು, ಜರ್ಮನ್ ಅನುವಾದ ಜೊತೆಗಿದ್ದರೆ, ಇಲ್ಲಿ ಮನೆ ಮಾಡಿದ ಮೇಲೆ ಆರು ತಿಂಗಳು ನಡೆಯುತ್ತೆ. ಆಮೇಲೆ ಇಲ್ಲಿಯದೇ ಬೇಕು. ಜಪಾನಿನವರಿಗೆ ಪರೀಕ್ಷೆಯಿಲ್ಲದೆ ಬದಲಾಯಿಸಿ ಕೊಡುತ್ತಾರೆ, ನಮಗೆ ಆ ಭಾಗ್ಯ ಇಲ್ಲ. ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ಥಿಯರಿಯಲ್ಲಿ 30 ಪ್ರಶ್ನೆ, ಪುಣ್ಯಕ್ಕೆ ಇಂಗ್ಲಿಷಿನಲ್ಲೂ ಉತ್ತರಿಸಬಹುದು. ಇದರ ಜೊತೆಗೆ ಕಣ್ಣಿನ ಪರೀಕ್ಷೆ, ಒಂದು ಇಡೀ ದಿನದ ಪ್ರಥಮ ಚಿಕಿತ್ಸೆಯ ತರಗತಿ.

ಬಲಗಡೆ ಓಡಿಸುವುದು ಒಂದು ವಾರದಲ್ಲಿ ರೂಢಿಯಾಗುತ್ತೆ. ತಲೆ ಕೆಡಿಸುವುದು 'ರೆಖ್ಟ್ಸ್ ಫೋರ್ ಲಿಂಕ್ಸ್'. ಬೋರ್ಡು, ಸಿಗ್ನಲ್ಲು ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು. ಅವನು ಸಣ್ಣ ಓಣಿಯಿಂದ ಬಂದರೂ ಅಷ್ಟೇ, ನೀವು ಅಗಲ ರಸ್ತೆಯಲ್ಲಿದ್ದರೂ ಅಷ್ಟೇ. ಹಳದಿ ವಜ್ರಾಕೃತಿಯ ಬೋರ್ಡು ಕಂಡರೆ ಹಕ್ಕು ನಿಮ್ಮದು.

ವೇಗಮಿತಿ ಊರೊಳಗೆ 50, ಊರಾಚೆ 100. ಆಟೋಬಾನ್‌ನಲ್ಲಿ ಮಿತಿಯ ಬೋರ್ಡು ಇಲ್ಲದ ಕಡೆಯೂ 130 ಅಂತ ಸಲಹೆ ಇದೆ. ಬಲಗಡೆಯಿಂದ ಓವರ್‌ಟೇಕ್ ಮಾಡುವಂತಿಲ್ಲ. ಎಡ ಲೇನು ಇರುವುದು ಓವರ್‌ಟೇಕಿಗೆ, ಹಾಡು ಕೇಳುತ್ತಾ ಹೋಗುವುದಕ್ಕಲ್ಲ :) ಕಾರಿನಲ್ಲಿ ಎಚ್ಚರಿಕೆಯ ತ್ರಿಕೋನ, ಫಸ್ಟ್ ಏಡ್ ಪೆಟ್ಟಿಗೆ, ಮಿಂಚುವ ಜಾಕೆಟ್ಟು ಮೂರೂ ಇರಲೇಬೇಕು. ಜಾಕೆಟ್ಟು ಡಿಕ್ಕಿಯಲ್ಲಿ ಬೇಡ, ಸೀಟಿನ ಹತ್ತಿರ ಇಟ್ಟುಕೊಳ್ಳಿ. ಕೆಟ್ಟು ನಿಂತ ಕಾರಿನಿಂದ ಇಳಿಯುವ ಮೊದಲೇ ಹಾಕಿಕೊಳ್ಳಬೇಕಲ್ಲ!

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದು 'ರೆಟ್ಟುಂಗ್ಸ್‌ಗಾಸೆ', ಅಂದರೆ ಜೀವ ಉಳಿಸುವ ಓಣಿ. ಆಟೋಬಾನ್‌ನಲ್ಲಿ ಟ್ರಾಫಿಕ್ ನಡಿಗೆಯ ವೇಗಕ್ಕೆ ಇಳಿದ ಕೂಡಲೇ ಎಡ ತುದಿಯ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿಯಬೇಕು. ನಡುವೆ ಒಂದು ಓಣಿ ತೆರೆದುಕೊಳ್ಳುತ್ತೆ. ಆಂಬುಲೆನ್ಸ್ ಬರಲಿ ಬಿಡಲಿ, ಓಣಿ ಇರಲೇಬೇಕು. ಮಾಡದಿದ್ದರೆ ಕನಿಷ್ಠ 200 ಯೂರೋ ದಂಡ, ಜೊತೆಗೆ ಒಂದು ತಿಂಗಳು ಡ್ರೈವಿಂಗ್ ಬಂದ್.

ಸ್ಟುಟ್‌ಗಾರ್ಟ್ ಹತ್ತಿರ ಎ8 ರಸ್ತೆಯಲ್ಲಿ ಮೊದಲ ಸಲ ಇದನ್ನು ಕಂಡೆ. ನೂರಾರು ಕಾರು, ಹಾರ್ನ್ ಇಲ್ಲ, ಪೊಲೀಸ್ ಇಲ್ಲ, ಸುಮ್ಮನೆ ಎರಡು ಪಾಲಾದವು. ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಸುಯ್ಯೆಂದು ನಡುವೆ ಹೋಯಿತು. ನನಗೆ ಗಂಟಲು ಕಟ್ಟಿತು. ಅದಕ್ಕೆ ಕಾರಣವಿದೆ. ಅಪ್ಪನಿಗೆ ಎದೆನೋವು ಬಂದಾಗ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಆಂಬುಲೆನ್ಸಿನೊಳಗೆ ಅವರ ಕೈ ಹಿಡಿದು ಕೂತಿದ್ದೆ. ಸಂಜೆ ಹೊತ್ತು. ಸೈರನ್ ಕೂಗುತ್ತಲೇ ಇತ್ತು. ಜನ ಕೆಟ್ಟವರಲ್ಲ, ಎಲ್ಲರೂ ಸರಿಯಲು ನೋಡುತ್ತಿದ್ದರು. ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ, ಯಾರಿಗೂ ಜಾಗವೇ ಇಲ್ಲ. ಅಪ್ಪ ಉಳಿದರು. ಆ ಮುಕ್ಕಾಲು ಗಂಟೆ ಮಾತ್ರ ಇನ್ನೂ ನನ್ನ ಮೈಯಲ್ಲಿದೆ.

ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ ನಮ್ಮಲ್ಲೂ 2019ರ ಕಾನೂನು ತಿದ್ದುಪಡಿಯ ಪ್ರಕಾರ ಹತ್ತು ಸಾವಿರ ರೂಪಾಯಿ ದಂಡ ಇದೆ. ಆದರೆ ಸೈರನ್ ಕೇಳಿದ ಮೇಲೆ ಜಾಗ ಹುಡುಕಿದರೆ ತಡವಾಗಿರುತ್ತೆ. ಜಾಗ ಮೊದಲೇ ಇರಬೇಕು. ಇಲ್ಲಿನವರು ನಮಗಿಂತ ಒಳ್ಳೆಯವರೇನಲ್ಲ, ಯಾರು ಯಾವ ಕಡೆ ಸರಿಯಬೇಕು ಅನ್ನೋದು ಅವರಿಗೆ ಮೊದಲೇ ಗೊತ್ತು, ಅಷ್ಟೇ.

ಇನ್ನೊಂದು ಮಾತು. ಅಪಘಾತ ಕಂಡೂ ಸಹಾಯ ಮಾಡದೆ ಹೋದರೆ ಇಲ್ಲಿ ಅದು ಅಪರಾಧ. ಕೈಲಾದ್ದು ಮಾಡಿ, ಕಡೇಪಕ್ಷ 112ಕ್ಕೆ ಫೋನ್ ಮಾಡಿ. ಊರಿಗೆ ಹೋದಾಗಲೂ ನಂಬರ್ ಅದೇ.