ಪಾಪ ಎಂದರೆ ಆಲೂಗಡ್ಡೆ!

ನೀವು ನಗುತ್ತೀರೆಂದು ಗೊತ್ತಿದ್ದೇ ಬರೆಯಲು ಕುಳಿತಿದ್ದೇನೆ. ಅರವತ್ತೆರಡು ವರ್ಷದ ಹೆಂಗಸೊಬ್ಬಳು ಕೋಡ್ಲಾದಂಥ ಊರಿನಲ್ಲಿ ರೊಟ್ಟಿ ಬಡಿಯುತ್ತಾ ಸ್ಪ್ಯಾನಿಷ್ ಭಾಷೆಯ ಶಬ್ದಗಳನ್ನು ಗುಣುಗುಣಿಸುತ್ತಾಳೆಂದರೆ ಯಾರಿಗೆ ನಗು ಬರುವುದಿಲ್ಲ? ನಮ್ಮ ಮನೆಯವರೇ, "ಈ ವಯಸ್ಸಿನ್ಯಾಗ ಯಾವ ಪರೀಕ್ಷಾಕ್ಕ ಕೂಡಾಕಿ?" ಎಂದು ಕೇಳಿದರು. ಪರೀಕ್ಷೆಯೇನೋ ಇತ್ತು. ಪರೀಕ್ಷೆ ಮಾಡುವಾಕೆ ನನ್ನ ಆರು ವರ್ಷದ ಮೊಮ್ಮಗಳು.

ಮಗ, ಸೊಸೆ ಮೆಕ್ಸಿಕೋ ದೇಶದ ಮಾಂಟೆರ್ರೇ ಪಟ್ಟಣದಲ್ಲಿದ್ದಾರೆ. ನಮ್ಮ ಸೇಡಂ, ವಾಡಿ, ಮಳಖೇಡದ ಹಾಗೆ ಅದೂ ಸಿಮೆಂಟಿನ ಸೀಮೆ. ಸೆಮೆಕ್ಸ್ ಎಂಬ ದೊಡ್ಡ ಸಿಮೆಂಟು ಕಂಪನಿ 1906ರಲ್ಲಿ ಹುಟ್ಟಿದ್ದು ಆ ಕಡೆಯೇ. ಮಗನದು ಮಾತ್ರ ಕಂಪ್ಯೂಟರ್ ಕೆಲಸ. ಕೂಸನ್ನು ಕರೆದುಕೊಂಡು ಹೋದಾಗ ಅದಕ್ಕೆ ಎರಡೂವರೆ ವರ್ಷ. ಆಗ ಪಟಪಟನೆ ನಮ್ಮ ಮಾತೇ ಆಡುತ್ತಿತ್ತು. ಶಾಲೆಗೆ ಸೇರಿದ ಮೇಲೆ ನೋಡಿ, ನಮ್ಮ ಮಾತು ಒಂದೊಂದಾಗಿ ಉದುರಿ ಹೋಯಿತು. ಭಾನುವಾರ ಬೆಳಿಗ್ಗೆ ಏಳೂವರೆಗೆ ಫೋನು ಬರುತ್ತದೆ, ಅಲ್ಲಿ ಆಗಿನ್ನೂ ಶನಿವಾರ ರಾತ್ರಿ ಎಂಟು. ನನ್ನ ಮುಖ ಕಂಡರೆ ಹುಡುಗಿ ಸೋಫಾದ ಹಿಂದೆ ಅಡಗಿಕೊಳ್ಳುವಷ್ಟಕ್ಕೆ ಬಂದಿತ್ತು.

ಅಂಥ ಒಂದು ಭಾನುವಾರ ನಾನು ಮುದ್ದಿನಿಂದ, "ಬಾರವ್ವಾ ನನ್ನ ಪಾಪ!" ಎಂದೆ. ಹುಡುಗಿ ಕಿಲಕಿಲನೆ ನಕ್ಕು, ತಾಯಿಯ ಕಿವಿಯಲ್ಲಿ ಏನೋ ಹೇಳಿ ಓಡಿಹೋಯಿತು. ಸೊಸೆ ಸಂಕೋಚದಿಂದ, "ಏನಿಲ್ರಿ ಅತ್ತೀ, ಇಲ್ಲಿ 'ಪಾಪ' ಅಂದ್ರ ಆಲೂಗಡ್ಡಿ" ಎಂದಳು. ನಾನೂ ನಕ್ಕೆ. ಆದರೆ ಫೋನು ಇಟ್ಟ ಮೇಲೆ ಅಡಿಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮೊಮ್ಮಗಳನ್ನು ಮುದ್ದು ಮಾಡುವ ಮಾತೂ ನನ್ನದಾಗಿ ಉಳಿಯಲಿಲ್ಲವಲ್ಲ!

ಮುಂದಿನ ವಾರ ಸೊಸೆಯನ್ನೇ ಕೇಳಿದೆ: "ಹಂಗಾದ್ರ ಅಪ್ಪಗ ಏನಂತಾರ?" "ಅದೂ ಪಪಾನೇ ಅತ್ತೀ. ಮೊದಲನೇ 'ಪ'ದ ಮ್ಯಾಲ ಭಾರ ಹಾಕಿದ್ರ ಆಲೂಗಡ್ಡಿ, ಎರಡನೇದ್ರ ಮ್ಯಾಲ ಹಾಕಿದ್ರ ಅಪ್ಪ. ಬರಿಯುವಾಗ ಅಪ್ಪನ ಕೊನೇ ಅಕ್ಷರದ ತಲಿ ಮ್ಯಾಲ ಒಂದು ಓರೆ ಗೀಟು ಹಾಕ್ತಾರ." ಒಂದು ಗೀಟಿನ ಮೇಲೆ ಅಪ್ಪನೋ ಆಲೂಗಡ್ಡೆಯೋ ಎಂಬುದು ತೀರ್ಮಾನವಾಗುತ್ತದೆಂದರೆ ಅದನ್ನು ಕಲಿಯದೆ ಬಿಡುವುದು ಹೇಗೆ? ಮನೆಯಲ್ಲಿ ಬಿದ್ದಿದ್ದ ಒಂದು ನೋಟುಬುಕ್ಕು ತೆಗೆದೆ.

ಮೊದಮೊದಲು ಇದೇನು ಮಹಾ ಎನಿಸಿತು. ಕವಿರಾಜಮಾರ್ಗ ಹುಟ್ಟಿದ ಮಳಖೇಡ ನಮ್ಮ ತಾಲೂಕಿನದೇ ಅಲ್ಲವೇ? ಶಾಲೆಯಲ್ಲಿ ನಾನೂ ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೀಟು ಹಾಕಿ ಗಣ ಬಿಡಿಸಿದವಳು. ಹಾಗಾಗಿ ಭಾರ ಎಂದ ಕಡೆಯೆಲ್ಲ ದೀರ್ಘ ಬರೆದುಕೊಂಡು "ಪಪಾಆ" ಎಂದು ಒಪ್ಪಿಸಿದೆ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. "ರಾಗ ಎಳೀಬ್ಯಾಡ್ರಿ ಅತ್ತೀ, ಒತ್ರಿ. ಉದ್ದ ಅಲ್ಲ, ಭಾರ."

ಉದ್ದ ಮಾಡದೆ ಭಾರ ಹಾಕುವುದು ಹೇಗೆ? ಒಂದು ವಾರ ನನಗೆ ತಿಳಿಯಲೇ ಇಲ್ಲ. ತಿಳಿದದ್ದು ರೊಟ್ಟಿ ಬಡಿಯುವಾಗ. ನೀವೂ ಗಮನಿಸಿ ನೋಡಿ: ಕೈಯ ಏಟುಗಳ ನಡುವಿನ ಹೊತ್ತು ಒಂದೇ ಸಮ ಇರುತ್ತದೆ, ಆದರೆ ರೊಟ್ಟಿ ತಿರುಗಿಸುವ ಏಟು ಮಾತ್ರ ಜೋರಾಗಿ ಬೀಳುತ್ತದೆ. ಮೆಲ್ಲಗೊಂದು, ಜೋರಾಗೊಂದು ಬಡಿದರೆ ಅಪ್ಪ. ಜೋರಾಗೊಂದು, ಮೆಲ್ಲಗೊಂದು ಬಡಿದರೆ ಆಲೂಗಡ್ಡೆ. ಆ ದಿನ ನಮ್ಮ ಮನೆಯ ರೊಟ್ಟಿಗಳು ಆಕಾರಗೆಟ್ಟಿದ್ದವು, ಅದು ಬೇರೆ ಮಾತು.

ನಿಯಮ ನಾನು ಹೆದರಿದಷ್ಟು ಕಷ್ಟದ್ದಲ್ಲ. ಶಬ್ದದ ಕೊನೆಗೆ ಸ್ವರವೋ, ನ್ ಎಂಬ ಅಕ್ಷರವೋ, ಸ್ ಎಂಬ ಅಕ್ಷರವೋ ಇದ್ದರೆ ಭಾರ ಕೊನೆಯಿಂದ ಎರಡನೆಯ ತುಂಡಿನ ಮೇಲೆ. ಅವರ ಜೋಳದ ರೊಟ್ಟಿ, ಅಂದರೆ ಮೆಕ್ಕೆಜೋಳದ್ದು, ತೊರ್-ತೀ-ಯ. ಭಾರ "ತೀ" ಮೇಲೆ. ಬೇರೆ ವ್ಯಂಜನದಿಂದ ಮುಗಿದರೆ ಭಾರ ಕೊನೆಗೆ: ಆ ರೊಟ್ಟಿ ಬೇಯಿಸುವ ಹಂಚು ಕೊ-ಮಾಲ್. ಇವಕ್ಕೆ ಗೀಟು ಬೇಡ. (ಇಲ್ಲಿ ನಿಮಗಾಗಿ ಭಾರದ ಕಡೆ ದೀರ್ಘ ಬರೆದಿದ್ದೇನೆ, ನನ್ನಂತೆ ಎಳೆಯಬೇಡಿ.) ಶಬ್ದ ಈ ಪದ್ಧತಿ ತಪ್ಪಿದಾಗ ಮಾತ್ರ ಗೀಟು. ಕ-ಫೇ, ಸ್ವರದಿಂದ ಮುಗಿದರೂ ಭಾರ ಕೊನೆಗೆ, ಆದ್ದರಿಂದ ಗೀಟು. ಸಕ್ಕರೆಗೆ ಅ-ಸೂ-ಕರ್. ನಮ್ಮ ಶರ್ಕರವೇ ಅರಬರ ಬಾಯಿ ಹಾದು ಅಲ್ಲಿಗೆ ಹೋಗಿ ಸೇರಿದೆ. ರ್‌ನಿಂದ ಮುಗಿಯುತ್ತದಾದ್ದರಿಂದ ಭಾರ "ಕರ್" ಮೇಲೆ ಬೀಳಬೇಕಿತ್ತು, ಬಿದ್ದದ್ದು "ಸೂ" ಮೇಲೆ, ಅದಕ್ಕೇ ಗೀಟು. ನಿಂಬೆಹಣ್ಣಿಗೆ ಲಿ-ಮೋನ್, ಅದಕ್ಕೂ ಗೀಟುಂಟು. ಅದೇ ನಾಲ್ಕು ನಿಂಬೆಹಣ್ಣು ತಂದರೆ ಲಿ-ಮೋ-ನೆಸ್, ಪದ್ಧತಿಗೆ ಸರಿಹೋಯಿತು, ಗೀಟು ಬಿದ್ದು ಹೋಯಿತು! ಬಾಳೆಹಣ್ಣು ಪ್ಲಾ-ತ-ನೊ. ಹೀಗೆ ಕೊನೆಯಿಂದ ಮೂರನೆಯ ತುಂಡಿಗೆ ಭಾರ ಬಂದರೆ ಕೇಳುವುದೇ ಬೇಡ, ಗೀಟು ಹಾಕಲೇಬೇಕು.

ಅಜ್ಜಿಗೆ ಅಲ್ಲಿ ಅ-ಬ್ವೇ-ಲ ಎನ್ನುತ್ತಾರೆ. ಗೀಟಿಲ್ಲ. ಗೀಟೆಲ್ಲ ಅಪ್ಪ, ಅಮ್ಮ, ಎಳೆಗೂಸುಗಳಿಗೆ. ಪದ್ಧತಿ ಮುರಿಯುವವರು ಅವರೇ ತಾನೇ!

ಆ ಭಾಷೆಯ ಪಂಡಿತರಿಗೂ ಗೀಟಿನ ಜಗಳ ತಪ್ಪಿಲ್ಲ. "ಸೋಲೊ" ಎಂದರೆ ಒಂಟಿಯಾಗಿ ಎಂದೂ ಆಗುತ್ತದೆ, ಮಾತ್ರ ಎಂದೂ ಆಗುತ್ತದೆ. ಎರಡನೆಯದಕ್ಕೆ ಗೀಟು ಹಾಕುವ ರೂಢಿಯಿತ್ತು. 1713ರಲ್ಲಿ ಸ್ಥಾಪನೆಯಾದ ಮ್ಯಾಡ್ರಿಡ್‌ನ ಅಕಾಡೆಮಿ 2010ರಲ್ಲಿ ಆ ಗೀಟು ಬೇಡವೆಂದಿತು. ಬರಹಗಾರರು ಸುಮ್ಮನಿರಲಿಲ್ಲ. 2023ರಲ್ಲಿ, ಅರ್ಥ ಗೊಂದಲವಾಗುವುದೆಂದು ಬರೆಯುವವರಿಗೆ ಅನಿಸಿದರೆ ಹಾಕಿಕೊಳ್ಳಲಿ ಎಂದು ಅಕಾಡೆಮಿ ಮೆತ್ತಗಾಯಿತು. ನಾನಂತೂ ಹಾಕುತ್ತೇನೆ. ಕಾಫಿಯನ್ನು ಒಬ್ಬಳೇ ಕುಡಿಯುವುದಕ್ಕೂ ಬರೀ ಕಾಫಿ ಕುಡಿದು ಇರುವುದಕ್ಕೂ ಎಷ್ಟು ಅಂತರವಿದೆ ಎಂಬುದು ನಿಮಗೆ ಹೇಳಬೇಕಾಗಿಲ್ಲ.

ನನ್ನ ತಪ್ಪು ಹಿಡಿಯುವ ಆಸೆಯಿಂದ ಹುಡುಗಿ ಸೋಫಾದ ಹಿಂದಿನಿಂದ ಈಚೆ ಬಂದಳು. ನಾನು ಲಿಮೋನ್ ಎಂದರೆ ಬೆರಳು ಅಲ್ಲಾಡಿಸುವುದು, ಮತ್ತೆ ಹೇಳಿಸುವುದು. ಕಡ್ಡಿ ಹಿಡಿಯಲಿಲ್ಲ, ಅಷ್ಟೇ. ನಾನೂ ಬಿಡಲಿಲ್ಲ. ಕೈ ಬಳೆ ತೋರಿಸಿ "ಬಳೆ" ಎಂದೆ, ಹಣ್ಣು ತೋರಿಸಿ "ಬಾಳೆ" ಎಂದೆ. ಎರಡಕ್ಕೂ ಅವಳು ಒಂದೇ ಥರ "ಬಲೆ" ಎಂದಳು! ಳಕಾರ ಹಾಗಿರಲಿ. ಎಷ್ಟು ಸಲ ಹೇಳಿದರೂ ಹ್ರಸ್ವ, ದೀರ್ಘ ಅವಳ ಕಿವಿಗೆ ಬೀಳಲೇ ಇಲ್ಲ. ಅವಳ ಶಾಲೆಯ ಭಾಷೆಯಲ್ಲಿ ಸ್ವರವನ್ನು ಉದ್ದ ಮಾಡಿದರೆ ಅರ್ಥ ಬದಲಾಗುವುದಿಲ್ಲವಂತೆ. ನನಗೆ ಅವಳ ಭಾರ ಕೇಳಿಸಿರಲಿಲ್ಲ, ಅವಳಿಗೆ ನನ್ನ ಉದ್ದ ಕೇಳಿಸದು. ಇಷ್ಟು ದಿನ ಅದು ನನ್ನನ್ನು ಮರೆತಿದೆ ಎಂದುಕೊಂಡು ಕೊರಗಿದ್ದೆನಲ್ಲ, ಕೂಸಿನ ಕಿವಿಯೇ ಬೇರೆಯಾಗಿತ್ತು. ಆ ಭಾನುವಾರದಿಂದ ನಮ್ಮದು ಲೆಕ್ಕ: ಅವಳದೊಂದು ಶಬ್ದ, ನನ್ನದೊಂದು.

ಇನ್ನೊಂದು ಹೇಳಬೇಕು. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ. ಹುಡುಗಿ ಶಾಲೆಯಲ್ಲಿ ನನ್ನ ವಿಷಯ ಹೇಳುತ್ತಾ "ಆಯಿ, ಆಯಿ" ಎಂದಾಗ ಗೆಳತಿಯರು, ಎಲ್ಲಿ ಪೆಟ್ಟಾಯಿತು ಎಂದರಂತೆ. "ಆಯ್" ಎನ್ನುವುದು ಅಲ್ಲಿ ನೋವಿನ ಕೂಗು. ಅಂದಿನಿಂದ ಆ ಶಬ್ದ ಬಿಟ್ಟಿದ್ದಳು. ಅ ಮತ್ತು ಇ ಜೊತೆಗೆ ಬಂದರೆ ಅವರು ನಮ್ಮ ಐ ಥರ ಒಂದೇ ಗುಟುಕಿನಲ್ಲಿ ಹೇಳುತ್ತಾರೆ. ಇ ಮೇಲೆ ಗೀಟು ಬಿದ್ದರೆ ಎರಡೂ ಬೇರೆಯಾಗಿ, ಭಾರ ಎರಡನೆಯದಕ್ಕೆ: ಮ-ಈಸ್ ಎಂದರೆ ಮೆಕ್ಕೆಜೋಳ, ಅ-ಈ ಎಂದರೆ "ಅಲ್ಲಿ".

ಹೋದ ವಾರ ಫೋನು ಬಂದಾಗ ನಾನು ಹಂಚಿನ ಮುಂದಿದ್ದೆ. ಅವರ ಮನೆಗೆ ಪಕ್ಕದ ಮನೆಯ ಹುಡುಗಿ ಬಂದಿತ್ತು. ನಿನ್ನ ಅಬ್ವೇಲ ಎಲ್ಲಿ ಎಂದು ಅದು ಕೇಳಿದ್ದು ನನಗೂ ಅರ್ಥವಾಯಿತು. ನಮ್ಮವಳು ಫೋನಿನ ಗಾಜಿಗೆ, ಸರಿಯಾಗಿ ನನ್ನ ಮೂಗಿನ ಮೇಲೆ, ಬೆರಳಿಟ್ಟು ಏನೋ ಅಂದಳು. ಅಈ ಎಂದಳೋ, ಆಯಿ ಎಂದಳೋ?

"ಯಾವುದಂದಳವ್ವಾ?" ಎಂದು ಸೊಸೆಯನ್ನು ಕೇಳಿದೆ.

"ನನಗೂ ಗೊತ್ತಾಗಲಿಲ್ರಿ ಅತ್ತೀ. ಇನ್ನೊಮ್ಮೆ ಅನಸ್ಲೇನು?"

ಬೇಡ ಎಂದೆ. ಹಂಚಿನ ಮೇಲಿನ ರೊಟ್ಟಿ ಆಗಲೇ ಸೀದು ವಾಸನೆ ಬರುತ್ತಿತ್ತು.